ಶಾಲಾ ಸಮಿತಿಯ ಕುರ್ಚಿ ನಮ್ಮದು

(ಹಂಪಿ ಬಜಾರಿನಲ್ಲಿ ಕೂಡಿದ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವಿಧಾನಸಭೆ, ಲೋಕಸಭೆ. ಜೀಪು, ಧ್ವನಿವರ್ಧಕ, ಹಾರ, ಹಣ. ಆ ಕುರ್ಚಿಗಳು ನಮ್ಮಂಥವರ ಕೈಗೆ ನಿಲುಕದಷ್ಟು ಎತ್ತರದಲ್ಲಿವೆ. ಆದರೆ ಹಾರ ತುರಾಯಿ ಬೇಡದ, ಹಣದ ಚೀಲ ಬಿಚ್ಚಬೇಕಾಗಿಲ್ಲದ ಒಂದು ಕುರ್ಚಿ ನಮ್ಮ ಮನೆಯ ಹತ್ತಿರವೇ ಇದೆ. ಅದು ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕುರ್ಚಿ. ಜನ ಎಸ್‌ಡಿಎಂಸಿ ಎಂದು ಕರೆಯುವುದು ಅದನ್ನೇ. ಆ ಸ್ಥಾನಕ್ಕೆ ನೀವು ನಿಲ್ಲಬೇಕು ಎಂದು ಕೇಳುವುದಕ್ಕೇ ನಾವು ಇಂದು ಬಂದಿದ್ದೇವೆ.

ಈ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ, 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಂತೆ, ಜಿಲ್ಲೆಗೊಂದು ಶಿಕ್ಷಣ ಮಂಡಲಿ ಇತ್ತು. ಅದರಲ್ಲಿ ಸ್ಥಳೀಯ ಬೋರ್ಡುಗಳ ಕಡೆಯವರೂ ಸರ್ಕಾರ ನೇಮಿಸಿದವರೂ ಕೂಡುತ್ತಿದ್ದರು. ಮಗುವಿನ ತಂದೆ, ತಾಯಿ ಎಂಬ ಕಾರಣಕ್ಕೆ ಅಲ್ಲಿ ಯಾರಿಗೂ ಜಾಗವಿರಲಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಆಮೇಲೂ ಅರ್ಧ ಶತಮಾನದ ಹತ್ತಿರ ಶಾಲೆ ಇಲಾಖೆಯ ಸ್ವತ್ತಾಗಿಯೇ ಉಳಿಯಿತು. 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಪೋಷಕರ ಸಮಿತಿಗಳು ಹುಟ್ಟಿದವು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆದೇಶದಲ್ಲಿದ್ದುದನ್ನು ಹಕ್ಕಾಗಿಸಿತು.

ಕಾಯ್ದೆಯ 21ನೆಯ ಕಲಂ ಏನು ಹೇಳುತ್ತದೆ? ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿ, ಪೋಷಕರೇ ಇರತಕ್ಕದ್ದು. ಅರ್ಧದಷ್ಟು ಹೆಂಗಸರಿರತಕ್ಕದ್ದು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಇರತಕ್ಕದ್ದು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಅನುದಾನ ಎಲ್ಲಿ ಹೋಯಿತೆಂದು ಕೇಳುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ. 22ನೆಯ ಕಲಂ ಇನ್ನೂ ಮುಂದೆ ಹೋಗಿ, ಆ ಯೋಜನೆಯೇ ಅನುದಾನಕ್ಕೆ ಆಧಾರವಾಗಬೇಕು ಎನ್ನುತ್ತದೆ. ಅಂದರೆ ಒಂದು ಕೋಣೆ ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಕುಡಿಯುವ ನೀರು ಬೇಕು ಎಂದು ಮೊದಲು ಬರೆಯಬೇಕಾದ ಕೈ ಸಾಹೇಬರದಲ್ಲ, ನಿಮ್ಮದು. ಬರೆಯದೇ ಕೂತರೆ ಕೊಡುವವರು ಯಾರು? ಅತ್ತರೇ ತಾಯಿಯಾದರೂ ಹಾಲು ಕೊಡುವುದು.

ಆದರೆ ನಡೆಯುತ್ತಿರುವುದೇನು? ಪೋಷಕರ ಸಭೆ ಹಗಲು ಹನ್ನೊಂದಕ್ಕೆ. ಆ ಹೊತ್ತಿಗೆ ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲಿ ಮೂಟೆಯ ಕೆಳಗಿರುತ್ತಾನೆ. ಬಾಳೆಹಣ್ಣು ಮಾರುವ ತಾಯಿ ಬುಟ್ಟಿ ಬಿಟ್ಟು ಬರಲಾರಳು. ಸಭೆಗೆ ಬರುವವರು ಬಿಡುವಿದ್ದವರು, ಗುತ್ತಿಗೆದಾರರ ನಂಟರು, ಯಾರದೋ ಚೀಟಿ ಹಿಡಿದವರು. ಹೆಂಗಸರ ಹೆಸರು ಪಟ್ಟಿಯಲ್ಲಿರುತ್ತದೆ. ರುಜುವಿಗೆ ಪುಸ್ತಕ ಮನೆಗೇ ಬರುತ್ತದೆ. ಕಾಯ್ದೆ ಕೊಟ್ಟ ಕುರ್ಚಿಯನ್ನು ಕೂಲಿಯ ಗಂಟೆ ಕಿತ್ತುಕೊಳ್ಳುತ್ತದೆ. ಆದುದರಿಂದ ನಮ್ಮ ಮೊದಲ ಬೇಡಿಕೆ ಇದು: ಸಭೆ ಸಂಜೆಯಾಗಲಿ, ಇಲ್ಲವೇ ರಜೆಯ ದಿನವಾಗಲಿ, ಡಂಗುರ ಮುಂಚೆಯೇ ಬೀಳಲಿ.

“ನಮಗೆ ಓದು ಬಾರದು, ಸಮಿತಿಯಲ್ಲಿ ಏನು ಮಾಡಲಿ” ಎನ್ನುತ್ತೀರಿ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 90 ಮಕ್ಕಳಿಗೆ ಮೂವರು, 120ಕ್ಕೆ ನಾಲ್ವರು ಎಂಬುದು ಕಾಯ್ದೆಯ ಲೆಕ್ಕ. ವರ್ಷಕ್ಕೆ 200 ದಿನ ಪಾಠ ನಡೆಯಬೇಕು. ಇದನ್ನು ಎಣಿಸುವುದಕ್ಕೆ ಯಾವ ಡಿಗ್ರಿ ಬೇಕು? ಮೂಟೆ ಎಣಿಸುವವರಿಗೆ ಮೇಷ್ಟರನ್ನು ಎಣಿಸಲು ಬಾರದೇ?

ಕೆಲವು ವ್ಯಾಪಾರಿ ಮಿತ್ರರಿಗೆ ಒಂದು ಮಾತು. ನಿಮ್ಮ ಮಗ ಖಾಸಗಿ ಶಾಲೆಯಲ್ಲಿದ್ದರೆ ಅಲ್ಲಿ ನಿಮಗಿರುವುದು ಫೀ ಕಟ್ಟುವ ಕಿಟಕಿ ಮಾತ್ರ. ಅನುದಾನವಿಲ್ಲದ ಶಾಲೆಗೆ ಈ ಸಮಿತಿಯ ಕಲಂ ಅನ್ವಯಿಸುವುದಿಲ್ಲ. ಸರ್ಕಾರಿ ಶಾಲೆಯಲ್ಲಿದ್ದರೆ ಲೆಕ್ಕ ಕೇಳುವ ಅಧಿಕಾರ ನಿಮಗಿದೆ. ಗಟ್ಟಿ ದನಿಯವರೆಲ್ಲ ಬಿಟ್ಟುಹೋದರೆ ಸರ್ಕಾರಿ ಶಾಲೆ ಬಡವಾಗುವುದು ಸಹಜ.

ಬೇರೆ ದೇಶದ ದುಡಿಯುವ ಜನವೂ ಈ ದಾರಿಯಲ್ಲಿ ನಡೆದಿದ್ದಾರೆ. 1870ರಲ್ಲಿ ಇಂಗ್ಲೆಂಡಿನಲ್ಲಿ ಶಾಲಾ ಬೋರ್ಡುಗಳಾದಾಗ ಲಂಡನ್ ಬೋರ್ಡಿಗೆ ಬೆಂಜಮಿನ್ ಲುಕ್ರಾಫ್ಟ್ ಎಂಬ, ಕುರ್ಚಿ ಮಾಡಿ ಬದುಕುವ ಕೆಲಸಗಾರ ಆರಿಸಿ ಬಂದ. ಕುರ್ಚಿ ಮಾಡಿದವನೇ ಕುರ್ಚಿಯ ಮೇಲೆ ಕೂತು, ಶುಲ್ಕವಿಲ್ಲದ ಶಾಲೆಗಾಗಿ ಇಪ್ಪತ್ತು ವರ್ಷ ವಾದಿಸಿದ. ಅದೇ ಚುನಾವಣೆಯಲ್ಲಿ ಹೆಂಗಸರೂ ಗೆದ್ದರು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಅಲ್ಲಿನ ಹೆಂಗಸರಿಗೆ ಸಿಕ್ಕಿದ್ದು 1918ರಲ್ಲಿ. 1888ರಲ್ಲಿ ಬೆಂಕಿಪೆಟ್ಟಿಗೆ ಕಾರ್ಖಾನೆಯ ಹುಡುಗಿಯರ ಮುಷ್ಕರಕ್ಕೆ ಬೆಂಬಲವಾಗಿ ನಿಂತ ಆನಿ ಬೆಸೆಂಟ್, ಅದೇ ವರ್ಷ ಆ ಬೋರ್ಡಿಗೆ ಗೆದ್ದು, ಹಸಿದ ಮಕ್ಕಳಿಗೆ ಊಟ ಕೊಡಿ ಎಂದು ಕೇಳಿದರು. ನಮ್ಮಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಬೇಕಾಯಿತು. ಬಳ್ಳಾರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲಿ 2002ರಲ್ಲಿ ಬಿಸಿಯೂಟದ ಒಲೆ ಉರಿಯಿತು. ಆ ಅಡಿಗೆಯಲ್ಲಿ ಬೇಳೆ ಎಷ್ಟು, ನೀರೆಷ್ಟು ಎಂದು ನೋಡುವವರು ಯಾರು? ತಟ್ಟೆಯ ಮುಂದೆ ಕೂತ ಮಗುವಿನ ತಾಯಿಯೇ ನೋಡಬೇಕು.

ತೀರ್ಮಾನದ ಕೋಣೆಯಲ್ಲಿ ನಮಗೆ ದನಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಬೀದಿಗೆ ಯಾರೂ ಕಲಿಸಬೇಕಾಗಿಲ್ಲ. 2011ರ ಜುಲೈ 29ರಂದು ವಿರೂಪಾಕ್ಷ ಗುಡಿಯ ಮುಂದಿನ ಈ ಬಜಾರಿನಲ್ಲಿ ಮನೆ ಅಂಗಡಿಗಳ ಮೇಲೆ ಯಂತ್ರ ಹರಿಯಿತು. ಸಂಸಾರಗಳು ಕಡ್ಡಿರಾಂಪುರದ ಕಡೆಗೆ ಹೋಗಬೇಕಾಯಿತು. ಅದೇ ದಿನ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಗಣಿಗೆ ತಡೆ ಬಿದ್ದದ್ದು ಸರಿಯೇ. ಆದರೆ ಸಂಡೂರಿನ ಗಣಿ ಕೂಲಿಯ ಒಲೆಯೂ ಆರಿತು. ತಂದೆಯ ದುಡಿಮೆ ನಿಂತ ಮನೆಯಲ್ಲಿ ಮೊದಲು ಕುತ್ತು ಬರುವುದು ಮಗುವಿನ ಓದಿಗೆ. ಅಂಥ ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಜಾರದಂತೆ ಹಿಡಿಯುವುದಕ್ಕೆ ಊರಿನಲ್ಲಿರುವ ಕೈ ಈ ಸಮಿತಿಯದು.

ಇಲ್ಲಿ ಇನ್ನೆರಡು ಸಂಗತಿ ಗೊತ್ತಿರಲಿ. ಹಂಪಿಯ ರಕ್ಷಿತ ಪ್ರದೇಶದಲ್ಲಿ ಕಟ್ಟಡ ಕೆಲಸಕ್ಕೆ, 2002ರ ಕಾಯ್ದೆಯಂತೆ, ಪ್ರಾಧಿಕಾರದ ಅನುಮತಿ ಬೇಕು. ಆದುದರಿಂದ ಅಲ್ಲಿನ ಶಾಲೆಗೆ ಬೇಕಾದ ಕೋಣೆಯ ಬೇಡಿಕೆ ಸಮಿತಿಯ ನಡವಳಿಯಲ್ಲಿ ಬರೆದು, ಕಾಗದದ ಮೇಲೆ ಹೋಗಬೇಕು, ಬಾಯಿಮಾತಿಗೆ ಬೆಲೆಯಿಲ್ಲ. ಗಣಿಯಿಂದ ಬಾಧಿತವಾದ ಊರುಗಳಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಅದರಲ್ಲಿ ಶಿಕ್ಷಣಕ್ಕೆ ಆದ್ಯತೆ ಇದೆ. 2021ರಲ್ಲಿ ಜಿಲ್ಲೆ ಎರಡಾಗಿ ಹೊಸಪೇಟೆ ವಿಜಯನಗರಕ್ಕೆ ಬಂತು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿ ಉಳಿದವು. ಅರ್ಜಿ ಹೋಗುವ ಕಚೇರಿ ಬೇರೆಯಾಯಿತೇ ಹೊರತು ಕಾಯ್ದೆ ಒಂದೇ.

ಸಮಿತಿಗೆ ಮೇಷ್ಟರನ್ನು ನೇಮಿಸುವ, ವರ್ಗ ಮಾಡುವ ಅಧಿಕಾರವಿಲ್ಲ ಎಂಬುದೂ ನಿಜ. ಮೇಷ್ಟರು ನಮ್ಮ ವೈರಿಗಳೂ ಅಲ್ಲ. ಅವರೂ ಸಂಬಳಕ್ಕೆ ದುಡಿಯುವವರೇ. ಖಾಲಿ ಹುದ್ದೆಯ ಹೊರೆ ಹೊತ್ತವರೂ ಅವರೇ. ಅವರ ಜೊತೆ ನಿಂತು ಮೇಲಿನವರನ್ನು ಕೇಳಬೇಕು. ಕೇಳಿದರೂ ಆಗದಿದ್ದರೆ 32ನೆಯ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಮೂರು ತಿಂಗಳಲ್ಲಿ ತೀರ್ಮಾನ ಹೇಳಬೇಕೆಂದು ಕಾಯ್ದೆಯಿದೆ.

ಕಡೆಯದಾಗಿ ನಮ್ಮ ಕೋರಿಕೆ. ಮುಂದಿನ ಪೋಷಕರ ಸಭೆಗೆ ಒಬ್ಬೊಬ್ಬರಾಗಿ ಹೋಗಬೇಡಿ. ಓಣಿಯವರು ಮುಂಚೆಯೇ ಕೂತು, ಯಾರು ನಿಲ್ಲಬೇಕೆಂದು ಗೊತ್ತುಮಾಡಿಕೊಂಡು ಹೋಗಿ. ಅರ್ಧ ಹೆಸರು ಹೆಂಗಸರದಾಗಿರಲಿ. ಗಂಡನ ಬದಲಿಗೆ ಅವರೇ ಬರಲಿ, ಅವರೇ ಮಾತಾಡಲಿ. ಆಯ್ಕೆಯಾದವರಿಗೆ ಸಭೆಯ ದಿನದ ಕೂಲಿ ಹೋದರೆ ಉಳಿದವರು ಎರಡೆರಡು ರೂಪಾಯಿ ಕೂಡಿಸಿ ತುಂಬಿಕೊಡಿ. ಓದದೆ ರುಜು ಹಾಕಬೇಡಿ. ಓದು ಬಾರದಿದ್ದರೆ ಓದಿಸಿ ಕೇಳಿ. ಆರನೆಯ ತರಗತಿಯ ನಿಮ್ಮ ಮಗಳೇ ಅದನ್ನು ಓದಿ ಹೇಳುವಂತಾದರೆ, ಆ ಶಾಲೆ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ.