ಟರ್ಮಿನಲ್ ಎಂದರೇನು?
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪವಾಯಿಯಲ್ಲಿ ನೆಲಸಿರುವ ನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಮಾತು ಬಾರದ ದಿನವಿಲ್ಲ. ಮಕ್ಕಳು ಪರದೆಯ ಮೇಲೆ ಕರಿಯ ಕಿಟಕಿಯೊಂದನ್ನು ತೆರೆದು, ಬಿಳಿಯ ಅಕ್ಷರಗಳಲ್ಲಿ ಏನನ್ನೋ ಬರೆಯುತ್ತಾರೆ. ಅದೇನೆಂದು ಕೇಳಿದರೆ “ಟರ್ಮಿನಲ್” ಎಂದು ಹೇಳಿ ಸುಮ್ಮನಾಗುತ್ತಾರೆ. ಹಿರಿಯರಾದ ನಾವು ತಿಳಿದವರಂತೆ ತಲೆಯಾಡಿಸುತ್ತೇವೆ.

ಟರ್ಮಿನಸ್ ಎಂಬುದು ನಮಗೆ ಹೊಸದಲ್ಲ. ಮತ್ಸ್ಯಗಂಧಾ ಗಾಡಿ ಹಿಡಿಯಲು ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿಗೆ ಗಂಟುಮೂಟೆ ಹೊತ್ತು ಓಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಅದು ಹಳಿಯ ಕೊನೆ. ಟರ್ಮಿನಲ್ ತಂತಿಯ ಕೊನೆ. ಆ ತುದಿಯಲ್ಲಿ ಯಂತ್ರ, ಈ ತುದಿಯಲ್ಲಿ ಮನುಷ್ಯ. ರಿಸರ್ವೇಶನ್ ಕೌಂಟರಿನ ಗುಮಾಸ್ತರ ಮುಂದಿನ ಪರದೆಯನ್ನೇ ನೋಡಿ. ಬರ್ತುಗಳ ಲೆಕ್ಕ ಅದರೊಳಗಿಲ್ಲ; ದೂರದ ಯಂತ್ರದಲ್ಲಿದೆ. ಆದುದರಿಂದಲೇ ಎರಡು ಕೌಂಟರುಗಳು ಒಂದೇ ಬರ್ತನ್ನು ಇಬ್ಬರಿಗೆ ಮಾರುವುದಿಲ್ಲ. ಗಾಡಿ ಯಾವಾಗಲೂ ತುಂಬಿರುವುದಕ್ಕೆ ಮಾತ್ರ ಟರ್ಮಿನಲ್ ಹೊಣೆಯಲ್ಲ!

ನಮ್ಮ ನೆರೆಯ ಐಐಟಿ 1958ರಲ್ಲಿ, ಯುನೆಸ್ಕೋದ ಮೂಲಕ ದೊರೆತ ಸೋವಿಯೆತ್ ನೆರವಿನಿಂದ ಆರಂಭವಾಯಿತು. ಮುಂದೆ ಅಲ್ಲಿಗೆ ಮಿನ್ಸ್ಕ್ ಎಂಬ ಸೋವಿಯೆತ್ ಕಂಪ್ಯೂಟರೂ ಬಂದಿತು. ಆ ಪೀಳಿಗೆಯ ಯಂತ್ರಗಳಿಗೆ ಕಾಗದದಲ್ಲಿ ತೂತು ಕೊರೆದು ಲೆಕ್ಕ ಒಪ್ಪಿಸಿ, ಉತ್ತರಕ್ಕಾಗಿ ಕಾಯಬೇಕಾಗಿತ್ತು. ಯಂತ್ರದೊಡನೆ ನೇರವಾಗಿ ಪ್ರಶ್ನೋತ್ತರ ನಡೆಸುವ ಭಾಗ್ಯ ಟರ್ಮಿನಲ್ಲಿನಿಂದ ಬಂದಿತು. ಮೊದಲಿಗೆ ಟೆಲಿಪ್ರಿಂಟರುಗಳೇ ಟರ್ಮಿನಲ್ಲುಗಳಾದುವು. ಆಮೇಲೆ ಪರದೆಯವು ಬಂದುವು. 1978ರ ವಿಟಿ-100 ಬಹು ಪ್ರಸಿದ್ಧವಾದುದು. ಈ ವಿ.ಟಿ. ಬೋರಿಬಂದರಿನದಲ್ಲ, ವಿಡಿಯೋ ಟರ್ಮಿನಲ್ಲಿನದು. ಮಕ್ಕಳ ಕರಿಯ ಕಿಟಕಿಯಾದರೋ ಅಂಥ ಪೆಟ್ಟಿಗೆಯನ್ನು ಅನುಕರಿಸುವ ಒಂದು ಸಾಫ್ಟ್‌ವೇರ್.

ಒಂದು ದಿನ ನಾವು ಮಗಳ ಪಕ್ಕದಲ್ಲಿ ಕುಳಿತು, “ಇದರಲ್ಲಿ ಮೊದಲು ಶ್ರೀ ಬರಿ ಮಗಾ” ಎಂದೆವು. ಬರೆದಳು. ಶಕಾರ ಒಂದು ಕಡೆ, ರವತ್ತು ಇನ್ನೊಂದು ಕಡೆ, ದೀರ್ಘ ಮತ್ತೆಲ್ಲೋ! “ಇದರಲ್ಲಿ ಕನ್ನಡ ಹೀಗೇ ಅಪ್ಪಾ” ಎಂದು ಅವಳು ಅಳಿಸಿಬಿಟ್ಟಳು. ನಮಗೆ ಅಕ್ಷರ ಒಡೆದುದಕ್ಕಿಂತ ಆ “ಹೀಗೇ” ಎಂಬ ಮಾತೇ ಹೆಚ್ಚು ನೋಯಿಸಿತು.

ಕಾರಣವನ್ನು ಆಮೇಲೆ ತಿಳಿದೆವು. ವಿಟಿ-100ರ ಪರದೆಯಲ್ಲಿ 24 ಸಾಲು, ಸಾಲಿಗೆ 80 ಮನೆ. ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿಗೆ ಇದು ಒಪ್ಪುತ್ತದೆ. ನಮ್ಮ “ಶ್ರೀ” ಕಣ್ಣಿಗೆ ಒಂದಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ನಾಲ್ಕು ಸಂಕೇತ: ಶ, ವಿರಾಮ, ರ, ದೀರ್ಘ. ಒಂದೇ ಚಾಳಿನಲ್ಲಿ ಬೇರೆಬೇರೆ ಖೋಲಿ ಹಿಡಿದ ಅಣ್ಣತಮ್ಮಂದಿರಂತೆ ಅವು ಚದುರಿಹೋಗುತ್ತವೆ. ಇದು ಕನ್ನಡದ ಕುಂದಲ್ಲ, ಮನೆಯ ಅಳತೆಯ ಕುಂದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಅದಕ್ಕೂ ಹಿಂದೆ ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕಿನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ಮೂಡಿಸಿ ತೋರಿಸಿತ್ತು. ಆಗದ ಕೆಲಸವಂತೂ ಅಲ್ಲ.

ಈ ಸಭೆಯಲ್ಲಿ ಇಂಥದೇ ಉದ್ಯೋಗದಲ್ಲಿರುವ ತರುಣ ತರುಣಿಯರು ಅನೇಕರಿದ್ದೀರಿ. ಇಂತಹ ಕಿಟಕಿಗಳಲ್ಲಿ ಹಲವು, ಯಾರು ಬೇಕಾದರೂ ತೆರೆದು ತಿದ್ದಬಹುದಾದವು. ಇಂದು ರಾತ್ರಿ ಮನೆಗೆ ಹೋದಮೇಲೆ ಶ್ರೀ ಎಂದು ಬರೆದು ನೋಡಿರಿ. ಒಡೆದು ಕಂಡರೆ ತಯಾರಿಸಿದವರಿಗೆ ಎರಡು ಸಾಲು ಬರೆಯಿರಿ. ಬಲ್ಲವರು ನೀವೇ ತಿದ್ದಿ ಕಳುಹಿಸಿರಿ. ನಮ್ಮ ಮಗಳು ಆ ಕೆಲಸಕ್ಕೆ ಆಗಲೇ ಕುಳಿತಿದ್ದಾಳೆ. ಅವಳಿಗೆ ಜೊತೆ ಬೇಕಾಗಿದೆ.