ಫೋನಿನ ವ್ಯಾಪಾರದಲ್ಲಿ ಹಣ ಮುಳುಗದಂತೆ

(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ದನದ ಜಾತ್ರೆಗೆ ಹೋಗಿಬಂದವರಿಗೆಲ್ಲ ಒಂದು ಪದ್ಧತಿ ಗೊತ್ತುಂಟು. ಎತ್ತಿನ ಹಲ್ಲು ನೋಡಿ, ಬೆಲೆ ಕುದುರಿಸಿದವನು “ನಾಳೆ ಬಂದು ಹೊಡೆದುಕೊಂಡು ಹೋಗುತ್ತೇನೆ” ಎಂದರೆ, ಮಾರುವವನು ಸುಮ್ಮನೆ ತಲೆಯಾಡಿಸುವುದಿಲ್ಲ. “ಸಂಚಕಾರ ಕೊಡು” ಎನ್ನುತ್ತಾನೆ. ಒಂದಿಷ್ಟು ಹಣ ಕೈಗೆ ಬಿದ್ದ ಮೇಲೆಯೇ ಆ ಎತ್ತನ್ನು ಬೇರೆಯವರಿಗೆ ತೋರಿಸುವುದನ್ನು ನಿಲ್ಲಿಸುತ್ತಾನೆ. ಇದರಲ್ಲಿ ಅವಮಾನವೂ ಇಲ್ಲ, ಅಪನಂಬಿಕೆಯೂ ಇಲ್ಲ. ಮಾತಿಗೆ ತೂಕ ಬರಲೆಂದು ಹಿರಿಯರು ಮಾಡಿದ ಏರ್ಪಾಡು ಅದು.

ಈಗ ನಮ್ಮ ಸಂಘಗಳವರು ರೊಟ್ಟಿ, ಚಟ್ನಿಪುಡಿ, ಶೇಂಗಾ ಉಂಡೆ, ಬೆಲ್ಲ, ಸೀರೆ, ಮರದ ಗೊಂಬೆಗಳನ್ನು ಫೋನಿನ ಮೂಲಕವೇ ದೂರದ ಊರುಗಳಿಗೆ ಮಾರುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಎತ್ತು ಮಾರುವಾಗ ಇದ್ದ ಎಚ್ಚರ ಉಂಡೆ ಮಾರುವಾಗ ಇಲ್ಲವಾಗಿದೆ. ವಾಟ್ಸಾಪಿನಲ್ಲಿ “ಎರಡು ಕಿಲೊ ಕಳಿಸಿ” ಎಂದು ಬಂದ ಒಂದು ಸಾಲನ್ನೇ ವ್ಯಾಪಾರವೆಂದು ಭಾವಿಸಿ ಶೇಂಗಾ ಹುರಿಯಲು ಕೂರುತ್ತೇವೆ. ಆರ್ಡರು ಬಂದರೆ ವ್ಯಾಪಾರವಾಯಿತೆಂದಲ್ಲ. ಹಣ ನಮ್ಮ ಖಾತೆಗೆ ಬಂದಾಗಲೇ ವ್ಯಾಪಾರವಾಯಿತೆಂದು ತಿಳಿಯಬೇಕು. ಈ ದಿನ ನಾನು ಹೇಳಬೇಕೆಂದಿರುವ ಮಾತು ಇದೊಂದೇ.

ಹಿಂತಿರುಗಿ ಬಂದ ಒಂದು ಕಟ್ಟು ಎಷ್ಟು ನಷ್ಟ ತರುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ, ಎರಡು ಕಿಲೊ ಉಂಡೆಗೆ ಸಾಗಣೆ ಸೇರಿ 600 ರೂಪಾಯಿ ಬೆಲೆ ಇಟ್ಟಿದ್ದೀರಿ ಎನ್ನಿ. ಸಾಮಾನು ಮತ್ತು ಕೂಲಿ 450, ಡಬ್ಬಿ ಮತ್ತು ಕಟ್ಟುವ ಖರ್ಚು 20, ಕಳಿಸುವ ವೆಚ್ಚ 80. ಉಳಿಯುವ ಲಾಭ 50 ರೂಪಾಯಿ. ಮಾಲು ಮುಟ್ಟಿದ ಮೇಲೆ ಹಣ ಕೊಡುವುದೆಂದು ಒಪ್ಪಿದವನು ಬಾಗಿಲಲ್ಲಿ “ಬೇಡ” ಎಂದರೆ ಕಟ್ಟು ಹಿಂತಿರುಗುತ್ತದೆ. ಹೋಗುವ ವೆಚ್ಚ 80, ಬರುವ ವೆಚ್ಚ 80, ಕಟ್ಟಿದ ಖರ್ಚು 20, ಒಟ್ಟು 180 ರೂಪಾಯಿ ಹೋಯಿತು. ಅಷ್ಟು ದಿನ ಸುತ್ತಿ ಬಂದ ಉಂಡೆಯನ್ನು ಇನ್ನೊಬ್ಬರಿಗೆ ಮಾರಲಾಗದು. ಅದರ 450 ಸೇರಿದರೆ ನಷ್ಟ 630. ಒಂದು ಕಟ್ಟು ಹಿಂತಿರುಗಿದರೆ ಹನ್ನೆರಡಕ್ಕಿಂತ ಹೆಚ್ಚು ಒಳ್ಳೆಯ ಗಿರಾಕಿಗಳಿಂದ ಬಂದ ಲಾಭ ಅದರೊಂದಿಗೇ ಹೋಗುತ್ತದೆ. ಸೀರೆಯೋ ಗೊಂಬೆಯೋ ಆದರೆ ಮಾಲು ಉಳಿದೀತು. ಆದರೂ ಮೂರು ನಾಲ್ಕು ವ್ಯಾಪಾರಗಳ ಲಾಭ ಹೋಯಿತೆಂದೇ ತಿಳಿಯಿರಿ. ಸಂಘದ ವಾರದ ಕಂತನ್ನು ಮಾತ್ರ ಯಾರೂ ಮುಂದೂಡುವುದಿಲ್ಲ.

ಈ ಕಷ್ಟ ಹೊಸದಲ್ಲ. ಅಂಚೆ ಇಲಾಖೆಯು 1877ರಲ್ಲಿಯೇ ವಿ.ಪಿ. ಪದ್ಧತಿಯನ್ನು ತಂದಿತು. ಅಂಚೆಯವನು ಕಟ್ಟನ್ನು ಕೊಟ್ಟು, ಹಣ ವಸೂಲು ಮಾಡಿ, ಕಳಿಸಿದವನಿಗೆ ಮುಟ್ಟಿಸುವ ವ್ಯವಸ್ಥೆ ಅದು. ಅದರಲ್ಲಿಯೂ ಬೇಡವೆಂದು ಹಿಂತಿರುಗಿದ ಕಟ್ಟುಗಳ ವೆಚ್ಚ ಕಳಿಸಿದವನ ತಲೆಗೇ ಬರುತ್ತಿತ್ತು. ಆದುದರಿಂದ ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ಕೇಳುವ ವ್ಯಾಪಾರಿಗಳಿದ್ದರು. ಅದೂ ಸಂಚಕಾರವೇ.

ಬೇಡವೆನ್ನುವವರೆಲ್ಲರೂ ಮೋಸಗಾರರೆಂದು ತಿಳಿಯುವುದು ತಪ್ಪು. ಮನಸ್ಸು ಬದಲಾದವರು ಕೆಲವರು; ಮನೆಯಲ್ಲಿ ಇಲ್ಲದವರು ಕೆಲವರು; ಹತ್ತು ದಿನ ಕಾದು ಬೇಸತ್ತು ಬೇರೆಡೆ ಕೊಂಡವರು ಕೆಲವರು. ಈ ಕೊನೆಯದರಲ್ಲಿ ತಪ್ಪು ನಮ್ಮದೇ. ಚಿತ್ರದಲ್ಲಿ ಕಂಡ ಬಣ್ಣ ಒಂದು, ಕಳಿಸಿದ ಸೀರೆಯ ಬಣ್ಣ ಇನ್ನೊಂದು ಆದರೆ ಗಿರಾಕಿಯನ್ನು ದೂರಿ ಫಲವೇನು? ಚಿತ್ರವನ್ನು ಹಗಲಿನ ಬೆಳಕಿನಲ್ಲಿ ತೆಗೆಯಿರಿ. ಅಳತೆ, ತೂಕ, ಎಷ್ಟು ದಿನ ಕೆಡದೆ ಇರುತ್ತದೆ ಎಂಬುದನ್ನು ಬರೆಯಿರಿ. ಹೇಳಿದ ದಿನ ಕಳಿಸಿರಿ. ಇಷ್ಟು ಮಾಡಿದರೆ ಎಷ್ಟೋ ಕಟ್ಟುಗಳು ಹಿಂತಿರುಗುವುದು ತಪ್ಪುತ್ತದೆ.

ಇನ್ನು ಹಣ ಕೇಳುವ ಕ್ರಮ. ಉಂಡೆ, ಹೋಳಿಗೆ, ತೋಟದ ಮಾವಿನಹಣ್ಣು ಮುಂತಾದ ಕೆಡುವ ಪದಾರ್ಥಗಳಿಗೆ ಪೂರ್ತಿ ಹಣವನ್ನು ಮೊದಲೇ ಪಡೆಯಿರಿ. ಹಣ್ಣು ಯಾರಿಗಾಗಿಯೂ ಕಾಯುವುದಿಲ್ಲ. ಹೆಸರು ಬರೆಸಿ ಮಾಡಿಸಿದ ಗೊಂಬೆ, ಅಳತೆಗೆ ಹೊಲಿದ ರವಿಕೆಗಳನ್ನು ಬೇರೆಯವರಿಗೆ ಮಾರಲಾಗದು. ಅವಕ್ಕೂ ಇದೇ ನಿಯಮ. ಕೆಡದ ಮಾಲಿಗೆ, ಹೋಗಿಬರುವ ವೆಚ್ಚ ಹುಟ್ಟುವಷ್ಟಾದರೂ ಮುಂಗಡ ಇರಲಿ. ಹಣ ಕೇಳಲು ಸಂಕೋಚಪಡುವವರು ಬಹಳ. ಅದಕ್ಕಾಗಿ ಒಂದು ಸಂದೇಶವನ್ನು ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕಳಿಸಿರಿ:

“ನಮಸ್ಕಾರ. ಶೇಂಗಾ ಉಂಡೆ 2 ಕಿಲೊ, ಸಾಗಣೆ ಸೇರಿ 600 ರೂಪಾಯಿ. ಹಣ ಮುಟ್ಟಿದ ಮಾರನೆಯ ದಿನ ಕಳಿಸುತ್ತೇವೆ. ಕಳಿಸುವ ಮೊದಲು ಬೇಡವೆಂದರೆ ಪೂರ್ತಿ ಹಣ ವಾಪಸು. ತಿನ್ನುವ ಪದಾರ್ಥವಾದುದರಿಂದ ಕಳಿಸಿದ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ. ಒಡೆದು ಅಥವಾ ಕೆಟ್ಟು ಬಂದರೆ ಎರಡು ದಿನದೊಳಗೆ ಚಿತ್ರ ಕಳಿಸಿರಿ, ನಷ್ಟ ನಮ್ಮದು. ಒಪ್ಪಿಗೆಯಿದ್ದರೆ ತಿಳಿಸಿರಿ.”

ಕೊನೆಯ ಎರಡು ಸಾಲುಗಳನ್ನು ಬಿಡಬೇಡಿರಿ. ನಮ್ಮ ಹಣಕ್ಕೆ ನಾವು ಭದ್ರತೆ ಕೇಳುವಾಗ ಅವರ ಹಣಕ್ಕೂ ಭದ್ರತೆ ಕೊಡಬೇಕು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಲ್ಲಿಯೂ ಈ ನ್ಯಾಯವೇ ಇದೆ. ರದ್ದುಮಾಡಿದ ಗ್ರಾಹಕನ ಮೇಲೆ ಶುಲ್ಕ ಹಾಕುವ ವ್ಯಾಪಾರ ಸಂಸ್ಥೆಯು ತಾನು ರದ್ದುಮಾಡಿದಾಗಲೂ ಅಂಥದೇ ಶುಲ್ಕವನ್ನು ಹೊರಬೇಕು.

ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವವರು ಗಿರಾಕಿಯಿಂದ ನೇರವಾಗಿ ಮುಂಗಡ ಕೇಳಲಾಗದು. ಅಲ್ಲಿ ಬೇರೆ ಎಚ್ಚರ ಬೇಕು. ಹಿಂತಿರುಗಿದ ಮಾಲಿನ ವೆಚ್ಚ ಯಾರ ತಲೆಗೆ, ತಕರಾರು ಸಲ್ಲಿಸಲು ಎಷ್ಟು ದಿನ ಎಂಬುದನ್ನು ಸೇರುವ ಮೊದಲೇ ಓದಿಕೊಳ್ಳಿರಿ. ತೂಕದ ಯಂತ್ರದ ಮೇಲಿಟ್ಟು, ವಿಳಾಸದ ಚೀಟಿ ಕಾಣುವಂತೆ, ಮಾಲು ಕಟ್ಟುವುದನ್ನು ಫೋನಿನಲ್ಲಿ ವಿಡಿಯೋ ತೆಗೆಯಿರಿ. ಹಿಂತಿರುಗಿದ ಕಟ್ಟನ್ನು ಬಿಚ್ಚುವಾಗಲೂ ಹಾಗೆಯೇ ತೆಗೆಯಿರಿ. ಹೊಸ ಸೀರೆ ಕಳಿಸಿದ್ದಕ್ಕೆ ಹಳೆಯದು ಹಿಂತಿರುಗಿದರೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಆ ವಿಡಿಯೋ ಒಂದೇ.

ಈಗ ನಿಜವಾದ ಮೋಸಗಾರರ ವಿಷಯ. ಅವರ ಉಪಾಯಗಳು ಕೆಲವೇ, ತಿಳಿದುಕೊಂಡರೆ ಸಾಕು. ಮೊದಲನೆಯದು, ಹಣ ಕಳಿಸಿದಂತೆ ಕಾಣುವ ಸುಳ್ಳು ಚಿತ್ರ. ಚಿತ್ರವನ್ನು ನಂಬಬೇಡಿರಿ, ನಿಮ್ಮ ಖಾತೆಯನ್ನು ನೀವೇ ತೆರೆದು ನೋಡಿರಿ. ಎರಡನೆಯದು, “ಹಣ ಪಡೆಯಲು ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಪಿನ್ ಒತ್ತಿರಿ” ಎನ್ನುವುದು. ಯುಪಿಐ 2016ರಲ್ಲಿ ಬಂದಂದಿನಿಂದ ನಿಯಮ ಒಂದೇ: ಹಣ ಪಡೆಯುವವನು ಪಿನ್ ಒತ್ತಬೇಕಾಗಿಲ್ಲ. ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ಮೂರನೆಯದು, “ತಪ್ಪಿ 600ಕ್ಕೆ 6000 ಹಾಕಿಬಿಟ್ಟೆ, ಉಳಿದದ್ದನ್ನು ಬೇಗ ಹಿಂದಿರುಗಿಸಿ” ಎಂಬ ಗೋಳು. ಬಂದಿದೆಯೆಂದು ಹೇಳುವ ಹಣ ಬಂದೇ ಇರುವುದಿಲ್ಲ. ನಾಲ್ಕನೆಯದು, ಸೈನ್ಯದಲ್ಲಿದ್ದೇನೆಂದು ಗುರುತಿನ ಚೀಟಿಯ ಚಿತ್ರ ಕಳಿಸಿ, ಬೆಲೆಯನ್ನೂ ಕೇಳದೆ ದೊಡ್ಡ ಆರ್ಡರು ಕೊಡುವುದು. ಬೆಲೆ ಚೌಕಾಸಿ ಮಾಡದ, ಅವಸರ ಮಾತ್ರ ಮಾಡುವ ಗಿರಾಕಿಯನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಇಷ್ಟಾದರೂ ಹಣ ಹೋಯಿತೆನ್ನಿ. ನಾಚಿಕೊಂಡು ಮನೆಯಲ್ಲಿ ಮುಚ್ಚಿಡಬೇಡಿರಿ. ಕೂಡಲೇ 1930 ಸಂಖ್ಯೆಗೆ ಫೋನು ಮಾಡಿರಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಮೋಸಗಾರನು ಹಣವನ್ನು ತೆಗೆಯುವ ಮೊದಲು ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯಲು ಸಾಧ್ಯವುಂಟು. ನಿಮ್ಮ ಬ್ಯಾಂಕಿಗೂ ತಿಳಿಸಿರಿ. ಇಲ್ಲಿ ಗಂಟೆಗಳ ಲೆಕ್ಕವೇ ಹೊರತು ದಿನಗಳದ್ದಲ್ಲ.

ಮೋಸಗಾರರಿಗಿಂತ ಹೆಚ್ಚು ಹಣ ಮುಳುಗುವುದು ಉದ್ರಿಯಲ್ಲಿ. ಪಟ್ಟಣದ ಅಂಗಡಿಯವರೊಬ್ಬರು ನಿಮ್ಮ ಚಿತ್ರಗಳನ್ನು ನೋಡಿ ನೂರು ಡಬ್ಬಿ ತರಿಸುತ್ತಾರೆ. “ಮಾರಿದ ಮೇಲೆ ಕೊಡುತ್ತೇನೆ” ಎನ್ನುತ್ತಾರೆ. ಆಮೇಲೆ ಫೋನು ಎತ್ತುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಮೊದಲ ಸಲ ಹತ್ತು ಡಬ್ಬಿ ಮಾತ್ರ ಕೊಡಿರಿ. ಅದರ ಹಣ ಬಂದ ಮೇಲೆ ಇಪ್ಪತ್ತು. ಎಷ್ಟು ಮಾಲು, ಎಷ್ಟು ಬೆಲೆ, ಯಾವ ತಾರೀಖಿನೊಳಗೆ ಹಣ ಎಂಬುದನ್ನು ಫೋನಿನ ಸಂದೇಶದಲ್ಲಾದರೂ ಬರೆದು ಅವರಿಂದ ಒಪ್ಪಿಗೆ ಪಡೆಯಿರಿ. ಆ ಸಂದೇಶಗಳನ್ನು ಅಳಿಸಬೇಡಿರಿ. ವಿದ್ಯುನ್ಮಾನದ ಮೂಲಕ ಆದ ಒಪ್ಪಂದಕ್ಕೆ ಕಾಯಿದೆಯ ಮಾನ್ಯತೆ ಉಂಟು.

ಕಾಯಿದೆಯ ನೆರವನ್ನೂ ತಿಳಿದಿರೋಣ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಹಣ ಸಿಗದ ಮಾರಾಟಗಾರನು ಉದ್ರಿಗೆ ಒಪ್ಪಿರದಿದ್ದರೆ ತನ್ನ ಕೈಯಲ್ಲಿರುವ ಮಾಲನ್ನು ತಡೆಹಿಡಿಯಬಹುದು. ಕೆಡುವ ಮಾಲಾದರೆ ತಕ್ಕ ಕಾಲ ನೋಡಿ ಬೇರೆಯವರಿಗೆ ಮಾರಿಬಿಡಬಹುದು. ಮಾಲು ತಯಾರಿಸುವವರು ಉದ್ಯಮ್ ನೋಂದಣಿ ಮಾಡಿಸಿಕೊಂಡರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ರಕ್ಷಣೆ ಸಿಗುತ್ತದೆ. ನೋಂದಣಿಗೆ ಶುಲ್ಕವಿಲ್ಲ, ಮಾಲು ಕೊಡುವ ಮೊದಲೇ ಮಾಡಿಸಿಕೊಂಡಿರುವುದು ಒಳ್ಳೆಯದು. ಈ ಕಾಯಿದೆಯಂತೆ ಬರವಣಿಗೆಯ ಕರಾರಿದ್ದರೂ ಕೊಂಡವನು 45 ದಿನಗಳನ್ನು ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದರ ವಿವರ ವಿಚಾರಿಸಿರಿ.

ಚೆಕ್ಕು ಪಡೆದಿದ್ದು, ಹಣವಿಲ್ಲವೆಂದು ಅದು ಹಿಂತಿರುಗಿದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ಮುಟ್ಟಿ 15 ದಿನಗಳೊಳಗೆ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಈ ದಿನಗಳನ್ನು ತಪ್ಪಿಸಿಕೊಂಡರೆ ಹಕ್ಕು ಕೈಬಿಟ್ಟೀತು. ಸಣ್ಣ ಮೊತ್ತಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ಲೇಸು. ಮಹಿಳೆಯರಿಗೆ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕುಂಟು.

ಬಾಕಿ ಕೇಳುವಾಗ ಮಾತು ಮೃದುವಾಗಿರಲಿ, ಲೆಕ್ಕ ಖಚಿತವಾಗಿರಲಿ. “ಇಂಥ ದಿನ ಇಷ್ಟು ಮಾಲು, ಇಷ್ಟು ಹಣ, ಇಂಥ ತಾರೀಖಿಗೆ ಕೊಡುವುದಾಗಿ ಒಪ್ಪಿದ್ದಿರಿ” ಎಂದು ಬರೆಯಿರಿ. ಸಿಟ್ಟಿನಲ್ಲಿ ಅವರ ಚಿತ್ರ, ಫೋನು ಸಂಖ್ಯೆಗಳನ್ನು ಊರಿಗೆಲ್ಲ ಹಂಚಬೇಡಿರಿ. ಹಣ ಅವರಲ್ಲೇ ಉಳಿದು, ದೂರು ನಿಮ್ಮ ಮೇಲೆ ಬಂದೀತು.

ಕೊನೆಯದಾಗಿ, ಈ ಕೆಲಸವನ್ನು ಒಬ್ಬೊಬ್ಬರೇ ಮಾಡದೆ ಸಂಘವಾಗಿ ಮಾಡಿರಿ. ಸಂಘದಲ್ಲಿ ಒಂದು ಪುಸ್ತಕ ಇಡಿರಿ. ಆರ್ಡರು ಬಂದ ದಿನ, ಹಣ ಬಂದ ದಿನ, ಮಾಲು ಹೋದ ದಿನ, ಹಿಂತಿರುಗಿದ್ದಾದರೆ ಅದಕ್ಕೆ ಕಾರಣ, ಇವಿಷ್ಟನ್ನು ಬರೆಯಿರಿ. ಒಮ್ಮೆ ಬೇಡವೆಂದವರಿಗೆ ಮುಂದಿನ ಸಲ ಪೂರ್ತಿ ಹಣ ಬಂದ ಮೇಲೆಯೇ ಕಳಿಸಿರಿ. ಎರಡು ಸಲ ಹಾಗೆ ಮಾಡಿದವರಿಗೆ ನಮಸ್ಕಾರ ಹೇಳಿರಿ. ಮೂರು ತಿಂಗಳಿಗೊಮ್ಮೆ ಎಲ್ಲರೂ ಕುಳಿತು ಆ ಪುಸ್ತಕವನ್ನು ಓದಿರಿ. ಯಾವ ಮಾಲು ಹೆಚ್ಚು ಹಿಂತಿರುಗುತ್ತಿದೆ, ಯಾವ ಅಂಗಡಿಯಲ್ಲಿ ಬಾಕಿ ಬೆಳೆಯುತ್ತಿದೆ ಎಂಬುದು ಅದರಲ್ಲಿಯೇ ಕಾಣುತ್ತದೆ.

ಮುಂಗಡ ಕೇಳಿದರೆ ಕೆಲವು ಗಿರಾಕಿಗಳು ಬಿಟ್ಟುಹೋಗುತ್ತಾರೆ, ನಿಜ. ಹೋಗಲಿ. ಹತ್ತು ಆರ್ಡರಿನಲ್ಲಿ ಆರು ಉಳಿದು ಆರಕ್ಕೂ ಹಣ ಬಂದರೆ, ಹತ್ತನ್ನೂ ಕಳಿಸಿ ನಾಲ್ಕನ್ನು ಹಿಂದಕ್ಕೆ ಹೊತ್ತು ತರುವುದಕ್ಕಿಂತ ಅದು ಮೇಲು. ಈ ವಾರ ಮಾಡಬೇಕಾದ ಕೆಲಸ ಒಂದೇ: ಹೇಳಿದ ಆ ಸಂದೇಶವನ್ನು ನಿಮ್ಮ ಮಾಲಿಗೆ ತಕ್ಕಂತೆ ಬರೆದು ಸಂಘದ ಫೋನಿನಲ್ಲಿ ಇಟ್ಟುಕೊಳ್ಳಿರಿ. ಮುಂದಿನ ಆರ್ಡರಿಗೆ ಅದೇ ಮೊದಲ ಉತ್ತರವಾಗಲಿ.