ರೋಹಿಣಿ ಮಳೆಗೆ ಮುಂಚಿನ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

 

ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ನಮ್ಮ ಹೊಲದ ಸುದ್ದಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಅದು ಕೊನೆಗೆ ಓದು ಬರಹಕ್ಕೇ ಬಂದು ನಿಲ್ಲುತ್ತದೆ.

ಕುಷ್ಟಗಿ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಮಸಾರಿ ಹೊಲವಿದೆ. ಗಂಗಾವತಿ ಕಡೆಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತವಿದೆ. (2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಅವರ ನಿದ್ದೆಯೂ ಹೋಗಿತ್ತೆನ್ನಿ.) ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮಂಥವರಿಗೆ ಬಹುಪಾಲು ಮೋಡವೇ ಕಾಲುವೆ. ಸಜ್ಜೆ, ಹೆಸರು, ತೊಗರಿ, ಶೇಂಗಾ, ಎಲ್ಲವೂ ಮಳೆಯನ್ನೇ ನಂಬಿದವು.

ನಮ್ಮ ಮನೆಯಲ್ಲಿ ಎರಡು ಲೆಕ್ಕಗಳಿವೆ. ಹಬ್ಬಕ್ಕೆ ಹಿಜರಿ ತಿಂಗಳು, ಬಿತ್ತನೆಗೆ ಮಳೆ ನಕ್ಷತ್ರ. ಹಿಜರಿ ವರ್ಷ ಚಂದ್ರನದು. ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2018ರಲ್ಲಿ ರಂಜಾನ್ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಬಂತು, ರೋಜಾ ಹಿಡಿದುಕೊಂಡೇ ಕುಂಟೆ ಹೊಡೆದೆವು. 2025ರಲ್ಲಿ ಅದೇ ರಂಜಾನ್ ಮಾರ್ಚಿನಲ್ಲಿತ್ತು. ಮಳೆ ನಕ್ಷತ್ರ ಸೂರ್ಯನ ಲೆಕ್ಕ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮೇ ಕೊನೆಯ ವಾರ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಆಮೇಲೆ ಆರಿದ್ರಾ. ನಮ್ಮ ಅಬ್ಬಾ ಪಂಚಾಂಗ ಮುಟ್ಟಿದವರಲ್ಲ, ಆದರೂ ಹಸ್ತ, ಚಿತ್ತಿಯವರೆಗೆ ಬಾಯಿಪಾಠ ಒಪ್ಪಿಸುತ್ತಾರೆ. ಎಳ್ಳ ಅಮಾವಾಸ್ಯೆಗೆ ಬದುವಿನಾಚೆಯ ಹೊಲದವರು ಚರಗ ಚೆಲ್ಲಿ ಊಟಕ್ಕೆ ಕೂಗುತ್ತಾರೆ. ನಾವು ಹೋಗದಿದ್ದರೆ ಬುತ್ತಿ ನಮ್ಮ ಹೊಲಕ್ಕೇ ಬರುತ್ತದೆ.

ಈಗ ನಾಚಿಕೆಯ ಸಂಗತಿ ಹೇಳಬೇಕು. 2019ರ ಮುಂಗಾರಿನಲ್ಲಿ ಅಬ್ಬಾ ಪೇಟೆಯ ಒಂದು ಅಂಗಡಿಯಿಂದ ಸಜ್ಜೆ ಬೀಜದ ಪೊಟ್ಟಣ ತಂದರು. ಹದ ನೋಡಿ ಬಿತ್ತಿದರು. ವಾರ ಕಳೆದರೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಮಳೆ ಸಾಲದು ಎಂದರು ಒಬ್ಬರು, ಕೂರಿಗೆ ಆಳಕ್ಕೆ ಹೋಯಿತು ಎಂದರು ಇನ್ನೊಬ್ಬರು. ಅಬ್ಬಾ ಮಾತ್ರ ಏನೂ ಅನ್ನದೆ ಖಾಲಿ ಪೊಟ್ಟಣ ತಂದು ನನ್ನ ಮುಂದಿಟ್ಟು, "ಇದರ ಮೇಲೆ ಏನು ಬರೆದಿದೆ ಓದಪ್ಪ" ಎಂದರು. ಅವರಿಗೆ ಉರ್ದು ಬರುತ್ತದೆ; ಕನ್ನಡ, ಇಂಗ್ಲಿಷ್ ಅಕ್ಷರ ಬಾರವು. ಓದಿದೆ. ಬೀಜದ ಅವಧಿ ಮುಗಿದು ಎರಡು ತಿಂಗಳಾಗಿತ್ತು.

ಆ ಪೊಟ್ಟಣ ನಾಲ್ಕು ದಿನ ನಮ್ಮ ಪಡಸಾಲೆಯಲ್ಲೇ ಇತ್ತು. ಅದೇ ಪಡಸಾಲೆಯಲ್ಲಿ ಬಿ.ಎಡ್. ಮಾಡಿದ ನಾನು ಕುಳಿತು ಪಾಠ ಟಿಪ್ಪಣಿ ಬರೆಯುತ್ತಿದ್ದೆ. ಪಿಯುಸಿ ವಿಜ್ಞಾನ ಓದುವ ತಮ್ಮ ಅಲ್ಲೇ ಮಲಗುತ್ತಿದ್ದ. ಎರಡು ಭಾಷೆ ಕಲಿಸುವ ಮಾಸ್ತರನ ಮನೆಯಲ್ಲಿ ಒಂದು ಚೀಟಿ ಓದುವವರು ಇರಲಿಲ್ಲ! ಅಬ್ಬಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷ ಮತ್ತೆ ಬೀಜ ಕೊಂಡು ಆರಿದ್ರಾದಲ್ಲಿ ಬಿತ್ತಿದೆವು, ಸಾಲ ಮಾಡಿ.

ಮರುವರ್ಷ ಹೊಲದ ಬೇವಿನ ಮರದ ಕೆಳಗೆ ಅಕ್ಕಪಕ್ಕದ ಏಳೆಂಟು ಮನೆಯವರು ಸೇರಿದೆವು. ಈಗ ಪ್ರತಿ ಮೇ ಕೊನೆಯ ವಾರ ಸೇರುತ್ತೇವೆ, ಶಾಲೆ ಆರಂಭವಾಗುವ ಮುನ್ನ. ಕಾರ್ಯಾಗಾರ ಎನ್ನುವುದು ದೊಡ್ಡ ಮಾತಾಯಿತು, ಕೂಟ ಎನ್ನಿ. ಪ್ರತಿ ಮನೆಯವರು ಬಿತ್ತುವ ಬೀಜದಲ್ಲಿ ಒಂದು ಹಿಡಿ ತರುತ್ತಾರೆ. ಮಕ್ಕಳು ಅದರಲ್ಲಿ ನೂರು ಕಾಳು ಎಣಿಸುತ್ತಾರೆ. ಆರಿಸಬಾರದು, ಕೈಗೆ ಬಂದದ್ದನ್ನೇ ಎಣಿಸಬೇಕು. ನೆನೆಸಿ ಹಿಂಡಿದ ಹತ್ತಿಬಟ್ಟೆಯ ಮೇಲೆ ಹತ್ತು ಹತ್ತರಂತೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿ ಇಡುತ್ತೇವೆ. ಬಟ್ಟೆ ಒಣಗದಂತೆ ನೋಡುವುದು ಹೆಣ್ಣುಮಕ್ಕಳ ಪಾಳಿ, ಮರುದಿನ ಗಂಡುಮಕ್ಕಳದು. ಸಜ್ಜೆಯಾದರೆ ಮೂರನೇ ದಿನ ಒಮ್ಮೆ, ಏಳನೇ ದಿನ ಮತ್ತೊಮ್ಮೆ ಎಣಿಕೆ. ಪ್ರಮಾಣಿತ ಸಜ್ಜೆ ಬೀಜ ನೂರಕ್ಕೆ ಕನಿಷ್ಠ 75 ಮೊಳೆಯಬೇಕು, ಕಡಲೆಯಾದರೆ 85. ಶೇಕಡಾ ಲೆಕ್ಕ ತಲೆಗೆ ಹತ್ತದ ಹುಡುಗ ಅಲ್ಲಿ ತಾನೇ ಶೇಕಡಾ ಹೇಳುತ್ತಾನೆ.

ಆಮೇಲೆ ಚೀಟಿ ಓದುವುದು. ನೀಲಿ ಚೀಟಿ ಪ್ರಮಾಣಿತ ಬೀಜದ್ದು, ಬಿಳಿಯದು ಮೂಲ ಬೀಜದ್ದು, ಹಸಿರು ಚೀಟಿ ಮಾರುವವನೇ ಗುಣಮಟ್ಟ ಬರೆದುಕೊಟ್ಟದ್ದು. ಪರೀಕ್ಷೆ ಮಾಡಿದ ದಿನದಿಂದ ಮೊದಲ ಅವಧಿ ಒಂಬತ್ತು ತಿಂಗಳು. ಪೊಟ್ಟಣವನ್ನು ಕೆಳಗಿನಿಂದ ಕತ್ತರಿಸಿ. ಮೇಲಿನ ಚೀಟಿ, ಒಂದು ಹಿಡಿ ಬೀಜ, ಅಂಗಡಿಯ ರಸೀದಿ, ಮೂರನ್ನೂ ಸುಗ್ಗಿ ಮುಗಿಯುವವರೆಗೆ ಎತ್ತಿಡಿ. ಅಬ್ಬಾ ಪೊಟ್ಟಣ ಇಟ್ಟುಕೊಂಡಿದ್ದರು, ರಸೀದಿ ಕೇಳಿರಲಿಲ್ಲ. ಹಾಗಾಗಿ ನಮಗೆ ಏನೂ ಸಿಗಲಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ನ್ಯಾಯಪೀಠಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕಾನೂನು ಓದುವ ವಿದ್ಯಾರ್ಥಿಗಳು ಇಲ್ಲಿದ್ದರೆ ನಿಮ್ಮ ಊರಿನಲ್ಲಿ ಇದನ್ನು ಒಮ್ಮೆ ಹೇಳಿ.

ಬೇಸಿಗೆಯಲ್ಲಿ ಮಣ್ಣಿನ ಮಾದರಿ ತೆಗೆಯುವುದನ್ನೂ ಮಾಡುತ್ತೇವೆ. ಹಾವು ಹರಿದಂತೆ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಅರ್ಧ ಅಡಿ ಗುಂಡಿ ತೋಡಿ, ಮಣ್ಣು ಕಲೆಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡುವುದು. ಬದುವಿನ ಹತ್ತಿರ, ತಿಪ್ಪೆಯ ಹತ್ತಿರ ತೆಗೆಯಬಾರದು. ಗಂಗಾವತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಓದಿದ ಮಕ್ಕಳು ತಂದೆಯ ಜೊತೆ ಒಮ್ಮೆ ಅಲ್ಲಿಗೆ ಹೋಗಿಬನ್ನಿ.

ರಾಶಿಯ ದಿನ ಕಣದಲ್ಲಿ ಉಶ್ರ್ ಲೆಕ್ಕ. ಮಳೆಯಿಂದ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು, ಖರ್ಚು ಮಾಡಿ ನೀರುಣಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಮಕ್ಕಳಿಗೇ ಅಳೆಯಲು ಬಿಡುತ್ತೇವೆ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಕಳೆ ತೆಗೆಯುವ ದಿನಗಳಲ್ಲಿ, ರಾಶಿಯ ದಿನಗಳಲ್ಲಿ ನನ್ನ ತರಗತಿಯ ಹಾಜರಿ ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ತಂದೆ ತಾಯಿ ಗುಳೆ ಹೊರಟು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಹಿಂದೆ ನಾನು ಕೆಂಪು ಶಾಯಿಯಲ್ಲಿ ಗೈರುಹಾಜರಿ ಬರೆದು ಸುಮ್ಮನಾಗುತ್ತಿದ್ದೆ. ಈಗ ಮನೆಗೆ ಹೋಗುತ್ತೇನೆ. ಹೋದಾಗ ಮೊದಲು ಬೀಜದ ಚೀಟಿ ಕೇಳುತ್ತೇನೆ. ಆ ಮಾತಿನ ನಂತರ ತಂದೆಯೇ ಮಗಳ ಶಾಲೆಯ ವಿಷಯ ತೆಗೆಯುತ್ತಾರೆ. ಎಲ್ಲರೂ ಮರಳಿ ಕಳಿಸಿದರು ಎಂದು ಹೇಳಲಾರೆ. ಕೆಲವರು ಕಳಿಸಿದ್ದಾರೆ.

ಮೇ ಕೊನೆಯ ವಾರಕ್ಕೆ ನೀವೂ ಬನ್ನಿ. ಹಿಡಿ ಬೀಜ, ಒಂದು ಹಳೆಯ ಹತ್ತಿಬಟ್ಟೆ ತನ್ನಿ. ಊಟ ನಮ್ಮದು: ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಚೀಟಿ ಓದಲು ಮಾತ್ರ ನನ್ನನ್ನು ಕರೆಯಬೇಡಿ, ನಿಮ್ಮ ಮಗಳನ್ನು ಕರೆತನ್ನಿ.